ಎದ್ದು ನಡೆಯಿರಿ ಎನ್ನುವವರು ಯಾರು? ಭೀಮಾ ದಂಡೆಯ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಅಫಜಲಪುರ, ಜೇವರ್ಗಿ, ಚಿತ್ತಾಪುರ, ಶಹಾಪುರ, ವಡಗೇರಾ, ಯಾದಗಿರಿ ತಾಲ್ಲೂಕುಗಳ ಹೊಳೆದಂಡೆಯ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸದಸ್ಯರಿಗೆ, ಅಭಿವೃದ್ಧಿ ಅಧಿಕಾರಿಗಳಿಗೆ ಶರಣು, ಸಲಾಂ, ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಈ ಪತ್ರದ ಬಹುಪಾಲು ಜ್ವಾಲಾಮುಖಿಗಳ ಬಗ್ಗೆ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲೋ ನಿಮ್ಮಲ್ಲಿ ಒಬ್ಬರು, "ಮಾಸ್ತರರೇ, ನಮ್ಮ ಚಾವಡಿಗೂ ಕೊಲಂಬಿಯಾಕ್ಕೂ ಏನು ಸಂಬಂಧ?" ಎಂದು ಕೇಳಿಯೇ ಕೇಳುತ್ತೀರಿ. ಸಂಬಂಧವಿದೆ. ಕೊನೆಯಲ್ಲಿ ನಿಮ್ಮಿಂದ ಒಂದು ಠರಾವು ಬೇಡುವವನಿದ್ದೇನೆ. ಆ ಠರಾವು ಯಾಕೆ ಬೇಕು ಎಂಬುದು ಆರ್ಮೆರೋ ಎಂಬ ಊರಿನ ಕಥೆ ತಿಳಿಯದೆ ಅರ್ಥವಾಗುವುದಿಲ್ಲ.

ಒಂದು ಗಾಳಿಸುದ್ದಿಯನ್ನು ಮೊದಲು ಬದಿಗಿಡೋಣ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತಮುತ್ತ ಭೂಮಿ ಕಂಪಿಸಿ, ನೆಲದೊಳಗಿಂದ ಸದ್ದು ಬಂದಾಗ ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನೆನಪು ಇರುವವರು ಹಾಗೆ ಮಾಡಿದ್ದು ಸರಿಯೇ. ಆದರೆ ಅದೇ ಹೊತ್ತಿನಲ್ಲಿ "ಇಲ್ಲಿ ಜ್ವಾಲಾಮುಖಿ ಏಳುತ್ತದಂತೆ" ಎಂದು ನನ್ನನ್ನು ಕೇಳಿದವರೂ ಇದ್ದರು. ಏಳುವುದಿಲ್ಲ. ನಮ್ಮ ತೊಗರಿ ಬೆಳೆಯುವ ಎರೆ ನೆಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದದ್ದು. ಬೀದರ್ ಕೋಟೆ ನಿಂತಿರುವ ಕೆಂಪು ಜಂಬಿಟ್ಟಿಗೆಯೂ ಅದೇ ಕಲ್ಲು ಮಳೆ ಬಿಸಿಲಿಗೆ ಮಾಗಿ ಆದದ್ದು. ಆ ಬೆಂಕಿ ಆರಿಹೋಗಿ ಮನುಷ್ಯ ಹುಟ್ಟುವ ಮೊದಲೇ ಕೋಟ್ಯಂತರ ವರ್ಷ ಕಳೆದಿದ್ದವು. ಇವತ್ತು ಭಾರತದಲ್ಲಿ ಉಗುಳುತ್ತಿರುವ ಒಂದೇ ಜ್ವಾಲಾಮುಖಿ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ಅಲ್ಲಿ ಜನವಸತಿ ಇಲ್ಲ. ಆ ಭಯವನ್ನು ಇಲ್ಲಿಗೇ ಬಿಡೋಣ.

ಜ್ವಾಲಾಮುಖಿ ಎಂದರೆ ನಮ್ಮ ಮಕ್ಕಳು ಕೆಂಪು ಬಣ್ಣದ ಪೆನ್ಸಿಲ್ ಕೈಗೆತ್ತಿಕೊಳ್ಳುತ್ತಾರೆ. ತ್ರಿಕೋನದ ಬೆಟ್ಟ, ತುದಿಯಿಂದ ಕೆಂಪು ಗೆರೆಗಳು. ಆ ಕೆಂಪು ಗೆರೆಯಿಂದ ಸತ್ತವರು ಕಡಿಮೆ. ಲಾವಾ ಹೆಚ್ಚಾಗಿ ನಿಧಾನವಾಗಿ ಹರಿಯುತ್ತದೆ, ನಡೆದೇ ತಪ್ಪಿಸಿಕೊಳ್ಳಬಹುದು. ಬೆಟ್ಟದಿಂದ ಬಲು ದೂರದಲ್ಲಿ, ಬೆಟ್ಟವೇ ಕಾಣದ ಊರುಗಳಲ್ಲಿ, ಜನರನ್ನು ಕೊಂದದ್ದು ರಾಡಿ. ಇಳಿಜಾರಿನ ಮೇಲೆ ಸಡಿಲವಾಗಿ ಬಿದ್ದ ಬೂದಿ, ಮರಳು, ಬಂಡೆಗಳಿಗೆ ನೀರು ಸೇರಿದರೆ ಅದು ನದಿಯ ಪಾತ್ರ ಹಿಡಿದು ಇಳಿಯುತ್ತದೆ. ವಿಜ್ಞಾನಿಗಳು ಅದನ್ನು ಲಹಾರ್ ಎನ್ನುತ್ತಾರೆ. ನೀರು ಶಿಖರದ ಹಿಮ ಕರಗಿ ಬರಬಹುದು, ಬೆಟ್ಟದ ಬಾಯಲ್ಲಿರುವ ಕೆರೆ ಒಡೆದು ಬರಬಹುದು, ಬರೀ ಮಳೆಯಿಂದಲೂ ಬರಬಹುದು. ಆ ರಾಡಿಯನ್ನು ನಮ್ಮ ಹೊಳೆಯ ಕೆಂಪು ನೀರಿನಂತೆ ಊಹಿಸಿಕೊಳ್ಳಬೇಡಿ. ಮನೆಯ ಸ್ಲ್ಯಾಬಿಗೆ ಹಾಕಲು ಕಲಸಿದ ಕಾಂಕ್ರೀಟ್ ಒಂದು ಇಡೀ ನದಿಯಷ್ಟು, ಬಸ್ಸಿನ ವೇಗದಲ್ಲಿ, ಬಂಡೆ ಮರ ಸೇತುವೆಗಳನ್ನು ಹೊತ್ತು ಬಂದರೆ ಹೇಗಿರುತ್ತದೋ ಹಾಗೆ. ಅದರಲ್ಲಿ ಈಜಲಾಗುವುದಿಲ್ಲ. ದೋಣಿ ನಡೆಯುವುದಿಲ್ಲ. ನಿಂತ ಮೇಲೆ ಗಟ್ಟಿಯಾಗುತ್ತದೆ, ಸಿಕ್ಕಿಕೊಂಡವರನ್ನು ಬಿಡಿಸುವುದೂ ಕಷ್ಟ. ಇನ್ನೊಂದು ಗುಣ: ನೀರಿನ ಪ್ರವಾಹ ಮುಂದೆ ಹೋದಂತೆ ಸೊರಗುವುದುಂಟು, ಇದು ದಾರಿಯ ಮಣ್ಣನ್ನೆಲ್ಲ ಕೆರೆದುಕೊಂಡು ಬೆಳೆಯುತ್ತ ಹೋಗುತ್ತದೆ.

ಈಗ ಆರ್ಮೆರೋ.

ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಬೆಟ್ಟದ ಎತ್ತರ 5,300 ಮೀಟರ್‌ಗೂ ಮೇಲೆ. ಭೂಮಧ್ಯರೇಖೆಗೆ ಹತ್ತಿರವಿದ್ದರೂ ತಲೆಯ ಮೇಲೆ ವರ್ಷವಿಡೀ ಹಿಮ. ಅದರಿಂದ ಇಳಿಯುವ ಲಗುನಿಯ್ಯಾ ನದಿಯ ಕಣಿವೆ ಬಾಯ್ತೆರೆಯುವಲ್ಲಿ ಆರ್ಮೆರೋ ಇತ್ತು. ನದಿಯ ಹಾದಿಯಲ್ಲಿ ಬೆಟ್ಟದ ಬಾಯಿಯಿಂದ 70 ಕಿಲೋಮೀಟರಿಗೂ ಹೆಚ್ಚು, ಹೆಚ್ಚು ಕಡಿಮೆ ಕಲಬುರಗಿಯಿಂದ ಯಾದಗಿರಿಯಷ್ಟು ದೂರ. ಹತ್ತಿ ಬೆಳೆಯುವ ಊರು, ಸುಮಾರು 29 ಸಾವಿರ ಜನ. ಅಲ್ಲಿನ ಮಣ್ಣು ಅಷ್ಟು ಫಲವತ್ತಾಗಿದ್ದದ್ದು ಹಿಂದೆ ಅದೇ ಬೆಟ್ಟದಿಂದ ಬಂದ ರಾಡಿಯಿಂದ. 1845ರಲ್ಲಿ ಇದೇ ಜಾಗದಲ್ಲಿ ಇಂಥದ್ದೇ ರಾಡಿ ನುಗ್ಗಿ ಸುಮಾರು ಸಾವಿರ ಜನ ಸತ್ತಿದ್ದರು. ಆ ರಾಡಿ ಒಣಗಿದ ಮೇಲೆ ಅದರ ಮೇಲೆಯೇ ಮುಂದೆ ಊರು ಕಟ್ಟಿದರು. ನಾವೂ ಹಳ್ಳದ ಹಾದಿಯಲ್ಲಿ ಆಶ್ರಯ ಮನೆ ಕಟ್ಟಿಸಿದವರು, ಆದ್ದರಿಂದ ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ.

ಬೆಟ್ಟ ಗುಟ್ಟಾಗಿ ಸಿಡಿಯಲಿಲ್ಲ. ವರ್ಷದ ಹಿಂದಿನಿಂದ ಗುಡುಗುತ್ತಿತ್ತು. 1985ರ ಸೆಪ್ಟೆಂಬರ್ 11ರಂದು ಒಂದು ಸಣ್ಣ ಸ್ಫೋಟವಾಗಿ 27 ಕಿಲೋಮೀಟರ್ ತನಕ ರಾಡಿ ಹರಿಯಿತು. ವಿಜ್ಞಾನಿಗಳು ಕೂತು ಅಪಾಯದ ನಕ್ಷೆ ಮಾಡಿದರು. ಅಕ್ಟೋಬರ್ 7ರಂದು ಅದು ಬಿಡುಗಡೆಯಾಯಿತು. ರಾಡಿ ಎಲ್ಲಿ ಬರುತ್ತದೆ ಎಂದು ಅದರಲ್ಲಿ ಬರೆದಿದ್ದಾರೋ ಅಲ್ಲೇ ಬಂತು. ಆರ್ಮೆರೋ ಅದರೊಳಗೇ ಇತ್ತು. ಈ ಮಾತನ್ನು ಎರಡು ಬಾರಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಸರಿಯಾದ ನಕ್ಷೆ, ಐದು ವಾರ ಮೊದಲು, ಸರಕಾರದ ಕೈಯಲ್ಲಿ ಇತ್ತು. ಕೆಲವರು ಅದನ್ನು ಅತಿಯಾಯಿತು ಎಂದರು. ಜನ ಗಾಬರಿಯಾಗುತ್ತಾರೆ, ಜಮೀನಿನ ಬೆಲೆ ಬೀಳುತ್ತದೆ, ವ್ಯಾಪಾರ ನಿಲ್ಲುತ್ತದೆ ಎಂಬ ಚಿಂತೆ ಇತ್ತು. ನವೆಂಬರ್ ಮೊದಲ ವಾರ ರಾಜಧಾನಿ ಬೊಗೊಟಾದ ನ್ಯಾಯಾಲಯ ಭವನವನ್ನು ಬಂಡುಕೋರರು ಹಿಡಿದುಕೊಂಡರು, ದೇಶದ ಗಮನವೆಲ್ಲ ಅತ್ತ ಹೋಯಿತು.

ನವೆಂಬರ್ 13ರ ಮಧ್ಯಾಹ್ನ ಮೂರರ ಸುಮಾರಿಗೆ ಬೆಟ್ಟ ಬೂದಿ ಉಗುಳಿತು. ಆರ್ಮೆರೋದ ಬೀದಿಗಳಲ್ಲಿ ಬೂದಿ ಬಿತ್ತು. ಶಾಂತವಾಗಿರಿ, ಮನೆಯೊಳಗೇ ಇರಿ ಎಂದು ಜನರಿಗೆ ಹೇಳಲಾಯಿತು. ಸಂಜೆ ತುರ್ತು ಸಮಿತಿಯ ಸಭೆ ಸೇರಿ ಏಳರ ಹೊತ್ತಿಗೆ ಮುಗಿಯಿತು. ಊರು ಖಾಲಿ ಮಾಡಿಸಬೇಕು ಎಂಬ ಸಂದೇಶ ರೆಡ್‌ಕ್ರಾಸ್ ಮೂಲಕ ಹೊರಟದ್ದೂ ಉಂಟು. ಅಷ್ಟರಲ್ಲಿ ಗುಡುಗು ಮಳೆ, ಕರೆಂಟು ಹೋಯಿತು. ಬೂದಿ ಬೀಳುವುದು ನಿಂತಿದ್ದರಿಂದ ಜನರೂ ನಿರಾಳರಾಗಿ ಮಲಗಿದರು.

ರಾತ್ರಿ ಒಂಬತ್ತು ದಾಟಿ ಕೆಲವೇ ನಿಮಿಷಕ್ಕೆ ಬೆಟ್ಟ ಸಿಡಿಯಿತು. ಜ್ವಾಲಾಮುಖಿಗಳ ಲೆಕ್ಕದಲ್ಲಿ ಅದು ದೊಡ್ಡ ಸ್ಫೋಟವೇನೂ ಅಲ್ಲ. ಶಿಖರದ ಹಿಮದಲ್ಲಿ ಹತ್ತನೆಯ ಒಂದು ಪಾಲು ಕರಗಿರಬಹುದು. ಅಷ್ಟು ಸಾಕಾಯಿತು. ಬಿಸಿ ಬೂದಿ ಬೆರೆತ ನೀರು ಕಣಿವೆಗೆ ಇಳಿದು, ದಾರಿಯ ಮಣ್ಣು ನುಂಗಿ, ಕೆಲವೆಡೆ ಹೊರಟಾಗಿನ ನಾಲ್ಕು ಪಟ್ಟು ಗಾತ್ರವಾಗಿ, ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಆರ್ಮೆರೋ ತಲುಪಿತು. ಎರಡು ಗಂಟೆಗೂ ಹೆಚ್ಚು ಸಮಯ. ಮೇಲಿನ ಊರುಗಳಲ್ಲಿ ರಾಡಿ ಹೋಗುತ್ತಿರುವುದು ಜನರಿಗೆ ಕಂಡಿತ್ತು. ಕೆಳಗಿನವರು ಎತ್ತರದ ನೆಲಕ್ಕೆ ನಡೆದೇ ಹೋಗುವಷ್ಟು ಹೊತ್ತು ಇತ್ತು. ಆ ಊರಿನಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಸತ್ತರು. ಬೆಟ್ಟದ ಇನ್ನೊಂದು ಬದಿಯ ಚಿಂಚಿನಾ ಪಟ್ಟಣವೂ ಸೇರಿ ಒಟ್ಟು ಸುಮಾರು 23 ಸಾವಿರ.

ಒಮೈರಾ ಸಾಂಚೆಸ್ ಎಂಬ 13 ವರ್ಷದ ಹುಡುಗಿಯ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕುತ್ತಿಗೆಯವರೆಗೆ ನೀರು ರಾಡಿ, ಕಾಲು ಮನೆಯ ಅವಶೇಷದಡಿ. ಸುತ್ತ ಜನರಿದ್ದರು, ಕ್ಯಾಮೆರಾಗಳಿದ್ದವು. ಮೂರನೆಯ ದಿನ ತೀರಿಕೊಂಡಳು. ನೀರೆತ್ತಲು ಒಂದು ಪಂಪು ಹೊತ್ತಿಗೆ ಸಿಗಲಿಲ್ಲ. ಹೊಳೆದಂಡೆಯ ಹೊಲ ಹೊಲದಲ್ಲೂ ಪಂಪ್‌ಸೆಟ್ ಇರುವ ನಮಗೆ ಇದನ್ನು ಓದುವುದು ಕಷ್ಟ.

ಆರ್ಮೆರೋದಲ್ಲಿ ತಿಳಿವಳಿಕೆಯ ಕೊರತೆ ಇರಲಿಲ್ಲ. ನಕ್ಷೆ ಇತ್ತು, ಸಮಿತಿ ಇತ್ತು, ಸಭೆ ನಡೆದಿತ್ತು. "ಎದ್ದು ನಡೆಯಿರಿ" ಎಂಬ ಎರಡು ಶಬ್ದವನ್ನು ಊರಿಗೆ ಕೇಳುವಂತೆ ಹೇಳಬೇಕಾದವರು ಯಾರು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಹೇಳಬಹುದಾಗಿದ್ದವರು ಯಾಕೆ ಹೇಳಲಿಲ್ಲ? ನಾನು ಬಹಳ ಯೋಚಿಸಿದ್ದೇನೆ. ಸೋಮಾರಿತನ, ಭ್ರಷ್ಟಾಚಾರ ಎಂದೆಲ್ಲ ಸುಲಭವಾಗಿ ಹೇಳಿಬಿಡಬಹುದು, ಆದರೆ ಅಷ್ಟೇ ಇದ್ದಂತೆ ನನಗೆ ಕಾಣುವುದಿಲ್ಲ. ಮಳೆಯಲ್ಲಿ, ಕತ್ತಲಲ್ಲಿ, 29 ಸಾವಿರ ಜನರನ್ನು ಎಬ್ಬಿಸಿ ಹೊರಡಿಸಿ, ಬೆಳಗಾದಾಗ ಏನೂ ಆಗಿರದಿದ್ದರೆ? ಮರುದಿನ ಮುಖ ತೋರಿಸುವುದು ಹೇಗೆ? ಈ ಅಂಜಿಕೆ ಎಷ್ಟು ದೊಡ್ಡದು ಎಂದು ಚುನಾವಣೆಗೆ ನಿಂತು ಗೆದ್ದ ನಿಮಗೆ ನಾನು ಹೇಳಬೇಕಿಲ್ಲ.

ಅದೇ ದೇಶ ಆ ಅಂಜಿಕೆಯನ್ನು ಮುಂದೆ ಗೆದ್ದಿತು. ನೆವಾಡೊ ಡೆಲ್ ಹುಯಿಲಾ ಎಂಬ ಇನ್ನೊಂದು ಹಿಮಬೆಟ್ಟ 2007ರ ಏಪ್ರಿಲ್‌ನಲ್ಲಿ ರಾಡಿ ಉಗುಳಿದಾಗ ಕಣಿವೆಯ ಸಾವಿರಾರು ಜನ ಗುಡ್ಡ ಹತ್ತಿದರು, ಯಾರೂ ಸಾಯಲಿಲ್ಲ. 2008ರ ನವೆಂಬರ್‌ನಲ್ಲಿ ಅಲ್ಲಿ ಇಳಿದ ರಾಡಿ ಬಹಳ ದೊಡ್ಡದು. ಸತ್ತವರು ಸುಮಾರು ಹತ್ತು ಜನ. ಸೈರನ್ ಕೂಗಿದ ಕೂಡಲೇ ಯಾವ ದಾರಿ ಹಿಡಿಯಬೇಕು ಎಂದು ಅಲ್ಲಿಯವರು ಮೊದಲೇ ನಡೆದು ಅಭ್ಯಾಸ ಮಾಡಿದ್ದರು.

ನ್ಯೂಜಿಲೆಂಡಿನದು ಇನ್ನೊಂದು ಜೋಡಿ. ರುಆಪೆಹು ಬೆಟ್ಟದ ಬಾಯಲ್ಲಿ ಒಂದು ಕೆರೆಯಿದೆ. 1953ರ ಡಿಸೆಂಬರ್ 24ರ ರಾತ್ರಿ ಅದರ ಒಡ್ಡು ಒಡೆದು ಇಳಿದ ರಾಡಿ ಟಾಂಗಿವಾಯ್‌ನಲ್ಲಿ ರೈಲು ಸೇತುವೆಯನ್ನು ಕೆಡಿಸಿತು. ಸ್ವಲ್ಪ ಹೊತ್ತಿಗೆ ಬಂದ ಎಕ್ಸ್‌ಪ್ರೆಸ್ ರೈಲು ನದಿಗೆ ಬಿದ್ದು 151 ಜನ ಸತ್ತರು. ಸಿಡಿತವೂ ಇಲ್ಲ, ಬೆಂಕಿಯೂ ಇಲ್ಲ, ಹಬ್ಬಕ್ಕೆ ಮನೆಗೆ ಹೊರಟಿದ್ದ ಜನ. 2007ರ ಮಾರ್ಚ್ 18ರಂದು ಅದೇ ಕೆರೆಯ ಒಡ್ಡು ಮತ್ತೆ ಒಡೆಯಿತು. ಈ ಬಾರಿ ಮೇಲೆ ಅಳವಡಿಸಿದ್ದ ಉಪಕರಣಗಳು ಸುದ್ದಿ ಕೊಟ್ಟವು, ರೈಲು ನಿಂತಿತು, ರಸ್ತೆಯ ಗೇಟು ಬಿತ್ತು. ರಾಡಿ ಹಾದುಹೋಯಿತು, ಒಬ್ಬರಿಗೂ ಏನೂ ಆಗಲಿಲ್ಲ. ನನಗೆ ಬಹಳ ಇಷ್ಟವಾದ ಸುದ್ದಿ ಅದು.

ಫಿಲಿಪ್ಪೀನ್ಸ್‌ನ ಪಿನಾಟುಬೊ 1991ರ ಜೂನ್ 15ರಂದು ಸಿಡಿಯುವ ಮೊದಲು ಅಲ್ಲಿನ ಅಧಿಕಾರಿಗಳಿಗೂ ಜನರಿಗೂ ಒಂದು ವಿಡಿಯೊ ತೋರಿಸಿದರು. ಫ್ರಾನ್ಸಿನ ಜ್ವಾಲಾಮುಖಿ ತಜ್ಞ ದಂಪತಿ ಮಾಡಿದ್ದು. ಆರ್ಮೆರೋದ ದೃಶ್ಯಗಳೂ ಅದರಲ್ಲಿದ್ದವು. ವರದಿ ಓದಿ ಅಲುಗಾಡದವರು ಅದನ್ನು ನೋಡಿ ಅಲುಗಾಡಿದರು. ಹತ್ತಾರು ಸಾವಿರ ಜನರನ್ನು ಮುಂಚಿತವಾಗಿ ಹೊರಡಿಸಿದ್ದರಿಂದ ಸಾವಿರಾರು ಜೀವ ಉಳಿದವು. ಆದರೆ ರಾಡಿ ಅಲ್ಲಿಗೆ ಮುಗಿಯಲಿಲ್ಲ. ಬೆಟ್ಟದ ಮೇಲೆ ಬಿದ್ದ ಬೂದಿಯನ್ನು ಪ್ರತಿ ಮಳೆಗಾಲವೂ ವರ್ಷಗಟ್ಟಲೆ ಕೆಳಗೆ ತಂದಿತು. ಬಕೊಲೋರ್ ಪಟ್ಟಣ ಸ್ಫೋಟವಾದ ನಾಲ್ಕು ವರ್ಷಗಳ ನಂತರ, 1995ರಲ್ಲಿ ಹೂತುಹೋಯಿತು. ಅಲ್ಲಿಯ ಹಳೆಯ ಚರ್ಚು ಅರ್ಧ ನೆಲದೊಳಗೆ ಸೇರಿದೆ. ಹಿಂದೆ ಕಿಟಕಿಗಳಿದ್ದ ಕಡೆ ಈಗ ಬಾಗಿಲು ಮಾಡಿಕೊಂಡು ಪ್ರಾರ್ಥನೆಗೆ ಹೋಗುತ್ತಾರೆ. 2024ರ ಮೇ 11ರಂದು ಇಂಡೋನೇಷ್ಯಾದ ಮರಾಪಿ ಬೆಟ್ಟದಡಿಯೂ ಹೀಗೇ ಆಯಿತು. ಹಿಂದಿನ ಡಿಸೆಂಬರ್‌ನಿಂದ ಬಿದ್ದಿದ್ದ ಬೂದಿ, ಒಂದು ರಾತ್ರಿಯ ಜಡಿಮಳೆ, 60ಕ್ಕೂ ಹೆಚ್ಚು ಸಾವು. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ 1998ರ ಅಕ್ಟೋಬರ್ 30ರಂದು ಕಸೀಟಾ ಎಂಬ ಬೆಟ್ಟ ಸಿಡಿಯಲೇ ಇಲ್ಲ. ಚಂಡಮಾರುತದ ಮಳೆಗೆ ಒಂದು ಪಕ್ಕೆ ಜಾರಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಮುಚ್ಚಿತು.

ಜ್ವಾಲಾಮುಖಿಯ ಮಾತು ಬಿಟ್ಟರೂ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲ ಊರುಗಳನ್ನು ಹೊತ್ತೊಯ್ದದ್ದು ಇದರ ದಾಯಾದಿಯೇ: ಬಂಡೆ, ಮಣ್ಣು, ಮರ, ನೀರು ಒಟ್ಟಿಗೆ. ಅಲ್ಲೂ ಜನ ಮಲಗಿದ್ದರು.

ಇನ್ನು ನಮ್ಮ ಹೊಳೆಗೆ ಬರುತ್ತೇನೆ. ಭೀಮೆ ಲಹಾರ್ ಅಲ್ಲ, ಆಗುವುದೂ ಇಲ್ಲ. ಅದು ಸಮತಟ್ಟಿನಲ್ಲಿ ನಿಧಾನವಾಗಿ ಏರುವ ನೀರು. ಭೀಮಾಶಂಕರದಿಂದ ಹೊರಟು, ಉಜನಿ ಅಣೆಕಟ್ಟು ದಾಟಿ, ಸೊಲ್ಲಾಪುರದ ಕಡೆಯ ಸೀನಾ ನದಿಯನ್ನು ಕೂಡಿಸಿಕೊಂಡು, ಸೊನ್ನ ಬ್ಯಾರೇಜಿಗೆ ಬರುವಷ್ಟರಲ್ಲಿ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನದ ಲೆಕ್ಕದಲ್ಲಿ ಹೊತ್ತು ಹಿಡಿಯುತ್ತದೆ. ಆರ್ಮೆರೋಗೆ ಎರಡು ಗಂಟೆ ಸಿಕ್ಕಿದ್ದರೆ ನಮಗೆ ಅದರ ಎಷ್ಟೋ ಪಟ್ಟು ಸಿಗುತ್ತದೆ. ಇಷ್ಟು ಅನುಕೂಲವಿದ್ದೂ 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್ ಕೊನೆಯಲ್ಲಿ, ನೀರು ಅಂಗಳಕ್ಕೆ ಬಂದ ಮೇಲೆ ಕಟ್ಟೆಯ ಮೇಲೆ ನಿಂತು ದೋಣಿಗೆ ಕಾದ ಕುಟುಂಬಗಳು ಇದ್ದವು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂಬ ಅಂಕಿ ಎಲ್ಲರ ಮೊಬೈಲಿನಲ್ಲಿ ಇರುತ್ತದೆ. ಅಷ್ಟು ಕ್ಯೂಸೆಕ್ ಬಂದರೆ ನಮ್ಮ ಊರಿನ ಯಾವ ಓಣಿಗೆ ನೀರು ಬರುತ್ತದೆ ಎಂಬುದು ಯಾರ ಮೊಬೈಲಿನಲ್ಲೂ ಇರುವುದಿಲ್ಲ. ಅದನ್ನು ಊರಿನ ಹಿರಿಯರು ಹೇಳಬಲ್ಲರು, ನೀವು ಬರೆಸಿಡಬಲ್ಲಿರಿ.

ನನ್ನ ಬೇಡಿಕೆ ಹಣದ್ದಲ್ಲ. ಮುಂದಿನ ಗ್ರಾಮ ಸಭೆಯಲ್ಲಿ, ಮಳೆಗಾಲಕ್ಕೆ ಮೊದಲು, ಒಂದು ಠರಾವು ಪಾಸು ಮಾಡಿ. ಭಾಷೆ ಹೀಗಿದ್ದರೆ ಸಾಕು:

"ಹೊಳೆಯ ನೀರು ನಮ್ಮ ಊರಿನ ಗುರುತಿನ ಕಲ್ಲನ್ನು ಮುಟ್ಟಿದರೆ, ಅಥವಾ ನೀರು ಬಿಟ್ಟ ಸುದ್ದಿ ಬಂದು ಕತ್ತಲಾಗುವುದರೊಳಗೆ ಕಲ್ಲು ಮುಟ್ಟುವ ಸಂಭವ ಕಂಡರೆ, ಮೇಲಿನ ಆದೇಶಕ್ಕೆ ಕಾಯದೆ ತಗ್ಗಿನ ಓಣಿಗಳ ಜನರನ್ನು ಎತ್ತರದ ಜಾಗಕ್ಕೆ ಹೊರಡಿಸುವ ಜವಾಬ್ದಾರಿ ಇಂಥವರದು. ಅವರು ಊರಲ್ಲಿ ಇಲ್ಲದಿದ್ದರೆ ಇಂಥವರದು. ಅವರು ಹೊರಡಿಸಿದ ಮೇಲೆ ನೀರು ಬರದೆ ಹೋದರೆ ಅವರನ್ನು ಯಾರೂ ದೂರತಕ್ಕದ್ದಲ್ಲ, ಖರ್ಚನ್ನು ಅವರಿಂದ ಕೇಳತಕ್ಕದ್ದಲ್ಲ ಎಂದು ಈ ಗ್ರಾಮ ಸಭೆ ಒಮ್ಮತದಿಂದ ಒಪ್ಪಿದೆ."

ಕೊನೆಯ ವಾಕ್ಯವೇ ಮುಖ್ಯ. ಮೊದಲಿನ ಎರಡು ವಾಕ್ಯಗಳನ್ನು ಜಿಲ್ಲಾ ಕಚೇರಿಯ ಯೋಜನೆಗಳಲ್ಲಿ ಯಾರಾದರೂ ಬರೆದೇ ಇರುತ್ತಾರೆ. ನಗೆಪಾಟಲಾಗುವ ಅಂಜಿಕೆಯನ್ನು ಒಬ್ಬನ ಹೆಗಲಿನಿಂದ ಇಳಿಸಿ ಊರಿನ ಹೆಗಲಿಗೆ ಹಾಕುವ ಕೆಲಸ ಯಾವ ಕಚೇರಿಯೂ ಮಾಡಲಾರದು. ಗ್ರಾಮ ಸಭೆ ಮಾಡಬಲ್ಲದು. "ಇಂಥವರು" ಎಂದಲ್ಲಿ ಹುದ್ದೆ ಬರೆಯಬೇಡಿ, ಹೆಸರು ಬರೆಯಿರಿ. ಹುದ್ದೆಗಳು ರಜೆಯ ಮೇಲೆ ಹೋಗುತ್ತವೆ. ಎರಡು ಹೆಸರುಗಳಲ್ಲಿ ಒಂದು ಹೆಣ್ಣುಮಗಳದ್ದಾಗಿರಲಿ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ ಎಂಬುದು ಆಶಾ ಕಾರ್ಯಕರ್ತೆಗೆ ಬಾಯಿಪಾಠ.

ಗುರುತಿನ ಕಲ್ಲಿಗೆ ಹೊಸದಾಗಿ ಏನೂ ಕಟ್ಟಬೇಕಿಲ್ಲ. 2020ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಶಾಲೆಯ ಗೋಡೆಯ ಮೇಲೋ ಗುಡಿಯ ಕಟ್ಟೆಯ ಮೇಲೋ ಬಣ್ಣದಿಂದ ಗೆರೆ ಎಳೆಸಿ, ಅದಕ್ಕಿಂತ ಬಹಳ ಕೆಳಗೆ, ಹೊಳೆಯ ಹತ್ತಿರ, ಹೊರಡುವ ಗೆರೆಯನ್ನು ಹಾಕಿಸಿ. ಆ ಹೊರಡುವ ಗೆರೆಯೇ ಠರಾವಿನ ಗುರುತಿನ ಕಲ್ಲು. ಸುದ್ದಿ ಸಾರಲು ಕರೆಂಟನ್ನು ನೆಚ್ಚಬೇಡಿ, ಆರ್ಮೆರೋದಲ್ಲಿ ಮೊದಲು ಕೈಕೊಟ್ಟದ್ದು ಅದೇ. ಮಸೀದಿ ಮತ್ತು ಗುಡಿಯ ಧ್ವನಿವರ್ಧಕಕ್ಕೆ ಬ್ಯಾಟರಿ ಇದೆಯೇ ನೋಡಿ. ಡಂಗುರದವನು ಇನ್ನೂ ಇದ್ದರೆ ಅವನ ಹಲಗೆಗಿಂತ ಒಳ್ಳೆಯ ಯಂತ್ರ ಇಲ್ಲ. ವರ್ಷಕ್ಕೊಮ್ಮೆ, ಬಿತ್ತನೆಗೆ ಮುಂಚೆ, ನಿಜವಾಗಿಯೂ ಒಂದು ರಾತ್ರಿ ಊರನ್ನು ಎಬ್ಬಿಸಿ ಕಾಳಜಿ ಕೇಂದ್ರದವರೆಗೆ ನಡೆಸಿ. ಹಗಲಿನಲ್ಲಿ ಮಾಡುವ ಅಭ್ಯಾಸ ಫೋಟೋಕ್ಕೆ ಮಾತ್ರ ಒಳ್ಳೆಯದು. ದನಕರುಗಳಿಗೆ ಎತ್ತರದಲ್ಲಿ ಜಾಗ ಮತ್ತು ಮೇವು ಎಲ್ಲಿ ಎಂದು ಮೊದಲೇ ಹೇಳದಿದ್ದರೆ ಗಂಡಸರು ಹೊರಡುವುದಿಲ್ಲ. ಇದು ತಪ್ಪಲ್ಲ, ಎಮ್ಮೆ ಹೋದರೆ ಮನೆ ಹೋದಂತೆಯೇ.

ನೀವು ಕರೆದರೆ ನಾನು ಬಂದು ಸಭೆಯಲ್ಲಿ ಆರ್ಮೆರೋದ ನಕ್ಷೆಯನ್ನೂ ನಮ್ಮ ಹೊಳೆಯ ನಕ್ಷೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸುತ್ತೇನೆ. ನಮ್ಮ ತಾಲ್ಲೂಕಿನ ಯಾವ ಊರಿನ ಹೈಸ್ಕೂಲ್ ಮಾಸ್ತರರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ಹಾರ, ಶಾಲು ಬೇಡ. ಗೋಡೆಗೆ ನಕ್ಷೆ ಹಚ್ಚಲು ನಾಲ್ಕು ಮೊಳೆ ಇದ್ದರೆ ಸಾಕು.

ಇಂತಿ,
ಜೇವರ್ಗಿ ತಾಲ್ಲೂಕಿನ ಒಬ್ಬ ನಿವೃತ್ತ ಭೂಗೋಳ ಶಿಕ್ಷಕ

ವಿ.ಸೂ.: ನೀರು ಏರುವಾಗ ಹೊಳೆಯೊಳಗಿನ ಮೋಟಾರು ಎತ್ತಿಕೊಂಡು ಬರಲು ಹುಡುಗರು ಇಳಿಯುತ್ತಾರೆ. ಹೊರಡುವ ಗೆರೆಗೆ ನೀರು ಬರುವ ಮೊದಲೇ, ಮೊದಲ ಸುದ್ದಿಗೇ ಮೋಟಾರುಗಳನ್ನು ಎತ್ತಿಬಿಡಬೇಕು, ಗೆರೆ ಮುಟ್ಟಿದ ಮೇಲೆ ಯಾರೂ ಹೊಳೆಗೆ ಇಳಿಯಕೂಡದು ಎಂಬುದನ್ನೂ ಅದೇ ಠರಾವಿನಲ್ಲಿ ಸೇರಿಸಿ.